ಮಾರುತಿ 800ರ ಸಡಿಲ ಗೇರ್ ಲಿವರ್ ಸರಿಹೋದ ಬಗೆ

ನಮ್ಮ ಮನೆಯ ಮಾರುತಿ 800 ಕಾರು 2004ರದು. ಹಳೆಯ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ನವನಗರದಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ, ಅಪ್ಪ ಕೈಯಲ್ಲಿ ಉಳಿದಿದ್ದ ಹಣದಿಂದ ಅದನ್ನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದರ ಜೋಪಾನ ನನ್ನ ಪಾಲಿಗೆ ಬಂತು. ಬೀಳಗಿ ತಾಲ್ಲೂಕಿನಲ್ಲಿರುವ ನನ್ನ ಶಾಲೆಗೆ ಬಸ್ಸಿನಲ್ಲೇ ಹೋಗಿಬರುವುದರಿಂದ ಕಾರು ಬಹಳ ಓಡಿಲ್ಲ. ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಅಮಾವಾಸ್ಯೆಗೊಮ್ಮೆ ಮಹಾಕೂಟ, ಮದುವೆ ಮುಂಜಿ, ಇಷ್ಟರಲ್ಲೇ 20 ವರ್ಷಗಳಲ್ಲಿ 1 ಲಕ್ಷದ 12 ಸಾವಿರ ಕಿಲೋಮೀಟರ್ ಆಗಿದೆ. ಎಂಜಿನ್ ಇವತ್ತಿಗೂ ಒಂದೇ ಕೀಲಿಗೆ ಶುರುವಾಗುತ್ತದೆ. ಕೆಟ್ಟದ್ದು ಗೇರ್ ಲಿವರ್.

ಅದು ಒಂದೇ ದಿನ ಕೆಟ್ಟದ್ದಲ್ಲ. ಮೊದಮೊದಲು ನ್ಯೂಟ್ರಲ್‌ನಲ್ಲಿ ನಿಂತಾಗ ಲಿವರ್ ತನ್ನಷ್ಟಕ್ಕೆ ತಾನೇ ನಡುಗಿ ಕೆಳಗಿನಿಂದ ಸಣ್ಣಗೆ ಟಕಟಕ ಸಪ್ಪಳ ಕೇಳಿಸುತ್ತಿತ್ತು. ಹಿಡಿಕೆಯ ಮೇಲೆ ಕೈಯಿಟ್ಟರೆ ಸಪ್ಪಳ ನಿಲ್ಲುತ್ತಿತ್ತಾದ್ದರಿಂದ ನಾನು ಕೈಯಿಡುವುದನ್ನೇ ರೂಢಿ ಮಾಡಿಕೊಂಡೆ. ಆಮೇಲೆ ಲಿವರ್ ಎಡಕ್ಕೂ ಬಲಕ್ಕೂ ಹೆಚ್ಚು ಹೆಚ್ಚು ವಾಲತೊಡಗಿತು. ಗೇರಿನಲ್ಲಿದ್ದಾಗಲೂ ಎರಡು ಬೆರಳಿನಷ್ಟು ಆಚೀಚೆ ಆಡುತ್ತಿತ್ತು. ದಿನವೂ ಕಾಣುವ ಸವೆತ ಕಣ್ಣಿಗೆ ಬೀಳುವುದಿಲ್ಲ, ಕೈ ಅದಕ್ಕೆ ತಕ್ಕಂತೆ ಹೊಂದಿಕೊಂಡುಬಿಡುತ್ತದೆ. ನನ್ನ ಕೈ ಹೊಂದಿಕೊಂಡಿದ್ದನ್ನು ಮೊದಲು ಗುರುತಿಸಿದವಳು ನನ್ನ ಹೆಂಡತಿ. ಅವಳೂ ಕಾರು ಓಡಿಸುತ್ತಾಳೆ, ಆದರೆ ತಿಂಗಳಿಗೆ ಒಂದೆರಡು ಸಲ ಮಾತ್ರ. ಒಂದು ದಿನ ಪಕ್ಕದಲ್ಲಿ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದವಳು, “ನೀವು ಗೇರ್ ಹಾಕಾಕತ್ತಿಲ್ರಿ, ಹುಡುಕಾಕತ್ತೀರಿ. ಮೊದ್ಲ ಇದನ್ನ ಯಾರಿಗರ ತೋರಸ್ರಿ,” ಎಂದಳು. ಶಾಲೆಯ ಪರೀಕ್ಷೆಗಳು ಮುಗಿಯಲಿ ಎಂದು ನಾನು ಮುಂದೆ ಹಾಕಿದೆ. ಹಾಗೆ ಮುಂದೆ ಹಾಕಿದ್ದು ತಪ್ಪಾಯಿತು.

ಜನವರಿಯಲ್ಲಿ ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಕೆರೂರಿನ ನೆಂಟರ ಮನೆಗೆ ಹೋಗಿ ಸಂಜೆ ಮರಳುತ್ತಿದ್ದೆ. ಕಬ್ಬಿನ ಹಂಗಾಮು, ಗದ್ದನಕೇರಿ ಕ್ರಾಸಿನ ಹತ್ತಿರ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಮುಂದಿನ ಟ್ರ್ಯಾಕ್ಟರ್ ಹೊರಟಾಗ ನಾನೂ ಮೊದಲನೇ ಗೇರ್ ಹಾಕಿ ಕ್ಲಚ್ ಬಿಟ್ಟೆ. ಕಾರು ಎರಡು ಸಲ ಜಗ್ಗಿ ನಿಂತುಹೋಯಿತು. ಮತ್ತೆ ಚಾಲೂ ಮಾಡಿ, ಲಿವರನ್ನು ಎಡಕ್ಕೆ ಒತ್ತಿ ಮುಂದಕ್ಕೆ ತಳ್ಳಿ ಬಿಟ್ಟರೆ ಮತ್ತೆ ಅದೇ ಕಥೆ. ನಾನು ಒಂದನೇ ಗೇರ್ ಎಂದು ಹಾಕುತ್ತಿದ್ದದ್ದು ಪ್ರತಿ ಸಲವೂ ಮೂರನೆಯದಕ್ಕೆ ಬೀಳುತ್ತಿತ್ತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಒತ್ತಿದ ಸಪ್ಪಳಕ್ಕೆ ಅವ್ವ ಹಿಂದಿನ ಸೀಟಿನಲ್ಲಿ ನನ್ನ ಭುಜ ಹಿಡಿದು, “ತಮ್ಮಾ, ಬದಿಗೆ ತಗೀಪಾ, ಇಳದ ನಿಂದರೂಣು,” ಎಂದಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ತಳ್ಳಿ ಬದಿಗೆ ಹಚ್ಚಿದರು. ಆಮೇಲೆ ಲಿವರನ್ನು ಎಡತುದಿಯವರೆಗೆ ಬಲವಾಗಿ ಒತ್ತಿ ಹಿಡಿದು, ಹಾಗೆಯೇ ಒತ್ತಿಕೊಂಡು ಮುಂದಕ್ಕೆ ದೂಡಿದಾಗ ಒಂದನೇ ಗೇರ್ ಸಿಕ್ಕಿತು. ಮನೆ ಮುಟ್ಟುವವರೆಗೆ ನಾನು ಎಲ್ಲೂ ಕಾರು ನಿಲ್ಲಿಸದಂತೆ ದಾರಿ ನೋಡಿಕೊಂಡು ಬಂದೆ.

ಮರುದಿನ ತೋರಿಸಿದ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಡ್ರೈವರ್ ಸೀಟಿನಲ್ಲಿ ಕುಳಿತು ಲಿವರನ್ನು ನಾಲ್ಕು ಸಲ ಅಲ್ಲಾಡಿಸಿ, ಗೇರ್ ಬಾಕ್ಸ್ ಇಳಿಸಬೇಕು, ಒಳಗೆ ಗೇರುಗಳನ್ನು ಸರಿಸುವ ಫೋರ್ಕ್ ಸವೆದಿದೆ, 14 ಸಾವಿರದಿಂದ 16 ಸಾವಿರ ಆಗುತ್ತದೆ ಎಂದು ಹೇಳಿದ. ಕಾರಿನ ಕೆಳಗೆ ಅವನು ಬಗ್ಗಿ ಕೂಡ ನೋಡಿರಲಿಲ್ಲ. ಹಣದ ಮಾತು ಹಾಗಿರಲಿ, ನನಗೆ ಕಾಡಿದ ಪ್ರಶ್ನೆ ಬೇರೆ: ಸರಿಯಾದ ಗೇರಿಗೆ ಬಿದ್ದ ಮೇಲೆ ಕಾರು ಯಾವ ತಕರಾರೂ ಇಲ್ಲದೆ ಓಡುತ್ತದೆ, ಗೇರ್ ತಾನಾಗಿ ಹೊರಗೆ ಬರುವುದಿಲ್ಲ, ಒಳಗಿನಿಂದ ಗುಂಯ್‌ಗುಡುವ ಸಪ್ಪಳವೂ ಇಲ್ಲ, ಹಾಗಿರುವಾಗ ದೋಷ ಗೇರ್ ಬಾಕ್ಸಿನ ಒಳಗೇ ಇದೆ ಎಂದು ಹೊರಗೆ ಕುಳಿತು ಹೇಗೆ ತಿಳಿಯಿತು? ಆಲೋಚಿಸಿ ಹೇಳುತ್ತೇನೆಂದು ಕಾರು ತಿರುಗಿಸಿಕೊಂಡು ಬಂದೆ.

ಆ ರಾತ್ರಿ ನಾನು ಕುಳಿತು ಯೋಚಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಹಳೆಯ ಜೀಪಿನಲ್ಲಿ ಗೇರ್ ಲಿವರ್ ನೇರವಾಗಿ ಗೇರ್ ಬಾಕ್ಸಿನ ತಲೆಯ ಮೇಲೆಯೇ ಕೂತಿರುತ್ತದೆ. ಮಾರುತಿ 800ರಲ್ಲಿ ಹಾಗಲ್ಲ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಮುಂದೆ ಅಡ್ಡಲಾಗಿ ಕೂತಿದೆ, ಗೇರ್ ಬಾಕ್ಸ್ ಅದರ ಮಗ್ಗುಲಲ್ಲಿದೆ, ಲಿವರ್ ಮಾತ್ರ ನಮ್ಮ ಸೀಟುಗಳ ನಡುವೆ ಇದೆ. ನಡುವಿನ ದೂರವನ್ನು ದಾಟಿಸಲು ಕಾರಿನ ತಳದಲ್ಲಿ ಒಂದು ಉದ್ದನೆಯ ರಾಡ್ ಇದೆ. ಲಿವರನ್ನು ಹಿಂದೆ ಮುಂದೆ ಮಾಡಿದರೆ ಆ ರಾಡ್ ಉದ್ದಕ್ಕೆ ಸರಿಯುತ್ತದೆ. ಎಡಕ್ಕೆ ಬಲಕ್ಕೆ ಮಾಡಿದರೆ ಅದು ತನ್ನ ಅಚ್ಚಿನ ಮೇಲೆ ತಿರುಗುತ್ತದೆ. ತಿರುಗುವುದರಿಂದ ಯಾವ ಸಾಲು ಎಂಬುದು ನಿರ್ಧಾರವಾಗುತ್ತದೆ, ಸರಿಯುವುದರಿಂದ ಆ ಸಾಲಿನೊಳಗಿನ ಗೇರ್ ಬೀಳುತ್ತದೆ. ಒಂದು ಎರಡು ಎಡಸಾಲಿನಲ್ಲಿವೆ, ಮೂರು ನಾಲ್ಕು ನಡುಸಾಲಿನಲ್ಲಿವೆ, ರಿವರ್ಸ್ ಬಲಕ್ಕಿದೆ. ಕೈ ಬಿಟ್ಟಾಗ ಒಳಗಿನ ಸ್ಪ್ರಿಂಗ್ ಅದನ್ನು ನಡುಸಾಲಿಗೆ ತಂದು ನಿಲ್ಲಿಸುತ್ತದೆ.

ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ನೋಡಿದಾಗ ಗದ್ದನಕೇರಿ ಕ್ರಾಸಿನಲ್ಲಿ ಆದದ್ದು ತಿಳಿಯಾಯಿತು. ನಾನು ಲಿವರನ್ನು ಎಡಕ್ಕೆ ಒತ್ತಿದಾಗ ಆ ಒತ್ತಡ ರಾಡನ್ನು ತಿರುಗಿಸುವ ಮೊದಲೇ ದಾರಿಯಲ್ಲೆಲ್ಲೋ ಕರಗಿಹೋಗುತ್ತಿತ್ತು. ಗೇರ್ ಬಾಕ್ಸ್ ಇನ್ನೂ ನಡುಸಾಲಿನಲ್ಲೇ ಇರುವಾಗ ನಾನು ಮುಂದಕ್ಕೆ ತಳ್ಳುತ್ತಿದ್ದೆ, ಮೂರನೆಯದು ಬೀಳುತ್ತಿತ್ತು. ಎರಡನೆಯದರ ಬದಲು ನಾಲ್ಕನೆಯದು ಬಿದ್ದು ಕಾರು ಏದುಸಿರು ಬಿಟ್ಟದ್ದು ಎಷ್ಟೋ ಸಲ ಆಗಿತ್ತು. ಅದನ್ನು ನಾನು ನನ್ನ ಅವಸರವೆಂದೇ ತಿಳಿದಿದ್ದೆ.

ಬೆಳಿಗ್ಗೆ ಎದ್ದು ಮೂರು ಪರೀಕ್ಷೆ ಮಾಡಿದೆ. ಮೊದಲು ಎಂಜಿನ್ ಬಂದ್ ಇಟ್ಟು ಎಲ್ಲ ಗೇರುಗಳನ್ನೂ ಹಾಕಿ ನೋಡಿದೆ, ಸಡಿಲ ಹಾಗೆಯೇ ಇತ್ತು. ನಂತರ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಮೂರು ನಾಲ್ಕು ಸೆಕೆಂಡು ತಡೆದು ರಿವರ್ಸ್ ಹಾಕಿದೆ. ರಿವರ್ಸ್ ಗೇರಿಗೆ ಸಿಂಕ್ರೊ, ಅಂದರೆ ಹಲ್ಲುಗಳು ಕೂಡುವ ಮೊದಲು ಅವುಗಳ ವೇಗವನ್ನು ಸಮ ಮಾಡುವ ಭಾಗ, ಇರುವುದಿಲ್ಲವಾದ್ದರಿಂದ ಕ್ಲಚ್ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಅಲ್ಲಿ ಕರಕರ ಎಂದು ಹಲ್ಲು ಕಡಿಯುವ ಸಪ್ಪಳ ಬಂದೇ ಬರುತ್ತದೆ. ಬರಲಿಲ್ಲ, ಅಂದರೆ ಕ್ಲಚ್ಚಿನ ತಪ್ಪಲ್ಲ. ಕೊನೆಗೆ ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ವೇಗ ಹೆಚ್ಚಿಸಿ ಒಮ್ಮೆಲೇ ಆಕ್ಸಿಲರೇಟರ್ ಬಿಟ್ಟೆ, ಗೇರ್ ಜಾರಿ ಹೊರಗೆ ಬರಲಿಲ್ಲ. ಈ ಮೂರೂ ಸೇರಿ ಗೇರ್ ಬಾಕ್ಸ್ ನಿರ್ದೋಷಿ ಎಂದು ಪೂರ್ತಿ ಸಾಬೀತು ಮಾಡುವುದಿಲ್ಲ, ಆದರೆ ಅದನ್ನು ಇಳಿಸುವ ಮೊದಲು ಹೊರಗಿನದನ್ನು ನೋಡಲೇಬೇಕು ಎಂದು ಹೇಳಲು ಸಾಕಾಗುತ್ತವೆ.

ಹಳೆಯ ಊರಿನಲ್ಲಿ ಬೇವಿನ ಮರದ ಕೆಳಗೆ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದಾರೆ. ಅಪ್ಪನ ಕಾಲದಿಂದ ನಮ್ಮ ಕಾರು ಬಲ್ಲವರು. ಕೈ ನಡುಗುತ್ತದೆಂದು ಈಗ ದೊಡ್ಡ ಕೆಲಸ ಹಿಡಿಯುವುದಿಲ್ಲವೆಂದು ಕೇಳಿದ್ದರಿಂದ ನಾನು ಮೊದಲು ಅವರಲ್ಲಿಗೆ ಹೋಗಿರಲಿಲ್ಲ. ಅವರ ಶೆಡ್ಡಿನಲ್ಲಿ ಗುಂಡಿ ಇದೆ; ಕಾರನ್ನು ಅದರ ಮೇಲೆ ನಿಲ್ಲಿಸಿ ಕೆಳಗೆ ನಿಂತೇ ತಳ ನೋಡಬಹುದು. ನಾನು ಕಥೆಯೆಲ್ಲ ಹೇಳಿ, “ಕಾಕಾ, ಗೇರ್ ಬಾಕ್ಸ್ ಇಳಸಬೇಕ ಅಂತಾರ, ಹೌದೇನ್ರಿ?” ಎಂದು ಕೇಳಿದೆ. ಅವರು ಉತ್ತರ ಕೊಡದೆ ಕೈದೀಪ ಹಿಡಿದು ಗುಂಡಿಗೆ ಇಳಿದರು. “ಮಾಸ್ತರ್ರ, ನೀವು ಮ್ಯಾಲ ಕುಂತು ಲಿವರ್ ಸಾವಕಾಶ ಎಡಕ್ಕ ಬಲಕ್ಕ ಮಾಡ್ರಿ. ಗೇರ್ ಹಾಕಬ್ಯಾಡ್ರಿ, ಬರೇ ಅಳ್ಳಾಡಸ್ರಿ.” ಎರಡು ನಿಮಿಷ ಹಾಗೆ ಮಾಡಿದ ಮೇಲೆ ಅವರು ಮೇಲೆ ಬಂದು, “ಈಗ ನೀವ ಕೆಳಗ ಇಳೀರಿ, ನಾ ಅಳ್ಳಾಡಸ್ತೀನಿ. ನೀವ ಕಣ್ಣಾರೆ ನೋಡ್ರಿ,” ಎಂದರು.

ನಾನು ನೋಡಿದ್ದು ಇಷ್ಟು. ಲಿವರಿನ ಕೆಳತುದಿ ರಾಡಿನ ಹಿಂದಿನ ತುದಿಗೆ ಬೋಲ್ಟಿನಿಂದ ಜೋಡಿಸಿದ ಜಾಗದಲ್ಲಿ ಲಿವರ್ ಅಲುಗಿದರೂ ರಾಡ್ ಕ್ಷಣಕಾಲ ಸುಮ್ಮನಿರುತ್ತಿತ್ತು, ಆಮೇಲೆ ಟಕ್ ಎಂದು ತಿರುಗುತ್ತಿತ್ತು. ಮುಂದಿನ ತುದಿಯಲ್ಲಿ, ರಾಡ್ ಗೇರ್ ಬಾಕ್ಸಿನಿಂದ ಹೊರಬಂದ ಶಾಫ್ಟನ್ನು ಸೇರುವ ಕಡೆ, ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು: ರಾಡ್ ಕಣ್ಣಿಗೆ ಕಾಣುವಷ್ಟು ತಿರುಗಿದರೂ ಶಾಫ್ಟ್ ಅಲುಗುತ್ತಲೇ ಇರಲಿಲ್ಲ. ಮಿಸ್ತ್ರಿ ಲಿವರನ್ನು ಪೂರ್ತಿ ಎಡಕ್ಕೆ ತಂದಾಗ ಮಾತ್ರ ಅದು ಮನಸ್ಸಿಲ್ಲದ ಮನಸ್ಸಿನಿಂದ ಚೂರು ಹೊರಳಿತು. ನನ್ನ ಕೈಯ ಬಲ ಕಳೆದುಹೋಗುತ್ತಿದ್ದ ಜಾಗ ಇದೇ. ಕೈದೀಪದ ಬೆಳಕಿನಲ್ಲಿ ಆ ಜೋಡಣೆಯ ಮೇಲೆ ಧೂಳು ಹೋಗದಂತೆ ತೊಡಿಸಿದ ರಬ್ಬರ್ ಬೂಟ್ ಹರಿದು ಒಂದು ಎಳೆಯಲ್ಲಿ ಜೋತಾಡುತ್ತಿತ್ತು. ಒಳಗೆಲ್ಲ ಎರೆಮಣ್ಣಿನ ಧೂಳು ಹಳೆಯ ಗ್ರೀಸಿನೊಂದಿಗೆ ಕಲೆತು ಕರಿ ಗಾರೆಯಂತಾಗಿತ್ತು. ಮೂರು ವರ್ಷದ ಹಿಂದೆ ಸೈಲೆನ್ಸರ್ ಪೈಪ್ ಬದಲಿಸಿದಾಗ ಅದು ಹರಿದಿರಬೇಕು, ಯಾಕೆಂದರೆ ಪೈಪ್ ಅದರ ಹತ್ತಿರವೇ ಹಾಯ್ದು ಹೋಗುತ್ತದೆ. ಹರಿದ ಬೂಟ್ ಹಾಗೆಯೇ ಬಿಟ್ಟರೆ ಒಳಗಿನ ಬುಷ್, ಅಂದರೆ ಬೋಲ್ಟಿಗೂ ತೂತಿಗೂ ನಡುವೆ ಕೂರುವ ನೈಲಾನಿನ ಬಳೆ, ಸಾಣೆಕಲ್ಲಿನ ಮೇಲೆ ಉಜ್ಜಿದಂತೆ ಸವೆಯುತ್ತದೆ.

ಮಿಸ್ತ್ರಿಯ ತೀರ್ಪು ಒಂದೇ ಮಾತಿನಲ್ಲಿ ಬಂತು. “ಗೇರ್ ಬಾಕ್ಸಿಗೆ ಏನೂ ಆಗಿಲ್ರಿ ಮಾಸ್ತರ್ರ, ಬುಷ್ ಹೋಗ್ಯಾವು.” ಆದರೂ ಅವರು ಅಲ್ಲಿಗೇ ಬಿಡಲಿಲ್ಲ. ಬಾನೆಟ್ ಎತ್ತಿಸಿ, ನನಗೆ ಬ್ರೇಕ್ ಒತ್ತಿ ಹಿಡಿದು ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಚೂರೇ ಚೂರು ಬಿಡಲು ಹೇಳಿ, ಎಂಜಿನ್ ಎಷ್ಟು ವಾಲುತ್ತದೆಂದು ನೋಡಿದರು. ಎಂಜಿನ್ನನ್ನು ಹಿಡಿದಿರುವ ರಬ್ಬರ್ ಮೌಂಟಿಂಗ್ ಹರಿದಿದ್ದರೆ ಎಂಜಿನ್ ಕುಣಿದಾಗಲೆಲ್ಲ ಗೇರ್ ರಾಡನ್ನೂ ಎಳೆಯುತ್ತದೆ, ಆಗ ಎಷ್ಟು ಹೊಸ ಬುಷ್ ಹಾಕಿದರೂ ಉಳಿಯುವುದಿಲ್ಲ. ಮೌಂಟಿಂಗುಗಳು ಗಟ್ಟಿಯಾಗಿದ್ದವು. ಗೇರ್ ರಾಡಿಗೆ ಸಮಾನಾಂತರವಾಗಿ ಇನ್ನೊಂದು ರಾಡ್ ಇದೆ. ಅದು ಗೇರನ್ನು ಬದಲಿಸುವುದಿಲ್ಲ, ಎಂಜಿನ್ ಅಲುಗಿದರೂ ಲಿವರಿನ ಪೀಠಕ್ಕೂ ಗೇರ್ ಬಾಕ್ಸಿಗೂ ನಡುವಿನ ಅಂತರ ಬದಲಾಗದಂತೆ ಹಿಡಿದಿಡುತ್ತದೆ. ಅದರ ಹಿಂದಿನ ತುದಿಯ ರಬ್ಬರ್ ಬಿರುಕು ಬಿಟ್ಟಿದ್ದರಿಂದ ಅದನ್ನೂ ಪಟ್ಟಿಗೆ ಸೇರಿಸಿದರು.

ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ, ಆದರೂ ಸಾಮಾನು ಸಿಗುತ್ತದೆ. ಲಿವರಿನ ಬುಷ್ ಕಿಟ್ ಬಾಗಲಕೋಟೆಯಲ್ಲೇ ಎರಡು ಅಂಗಡಿಗಳಲ್ಲಿತ್ತು, ಒಂದು ಕಡೆ 90 ರೂಪಾಯಿ, ಇನ್ನೊಂದು ಕಡೆ 240. ಎರಡನ್ನೂ ಕೈಯಲ್ಲಿ ಹಿಡಿದು ಹೋಲಿಸಿದೆ. ಅಗ್ಗದ್ದು ಹೊಳೆಯುವ ಬಿಳಿ ಪ್ಲಾಸ್ಟಿಕ್ಕಿನದು, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು, ಅಂಚಿನಲ್ಲಿ ಅಚ್ಚಿನ ಮುಳ್ಳು ಉಳಿದಿತ್ತು. ದುಬಾರಿಯದು ಮಬ್ಬು ಬಣ್ಣದ ಗಟ್ಟಿ ನೈಲಾನು. ನಾನು 240 ರೂಪಾಯಿಯದನ್ನೇ ತೆಗೆದುಕೊಂಡೆ. ಎರಡನೇ ರಾಡಿನ ರಬ್ಬರ್ ಮತ್ತು ಮುಂದಿನ ಬೂಟ್ ಊರಿನಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯಲ್ಲಿರುವ ತಮ್ಮ ಅವನ್ನು ಕೊಂಡು ಬಸ್ಸಿನಲ್ಲಿ ಕಳಿಸಿಕೊಟ್ಟ.

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರುವಾಯಿತು. ಹಿಂದಿನ ರಾತ್ರಿಯೇ ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಬಂದಿದ್ದೆ, ಸೈಲೆನ್ಸರ್ ಬಿಸಿ ಇರುವಾಗ ಅದರ ಮಗ್ಗುಲಲ್ಲಿ ಕೈ ಹಾಕಲಾಗುವುದಿಲ್ಲ. ಬೋಲ್ಟುಗಳಿಗೂ ಆಗಲೇ ಚಿಮಣಿ ಎಣ್ಣೆ ಹಾಕಿ ನೆನೆಸಿಟ್ಟಿದ್ದರು. ಕಾರು ಬಿಚ್ಚುವ ಮೊದಲು ಮಿಸ್ತ್ರಿ ನಾಲ್ಕೂ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿಸಿದರು. ರಾಡ್ ಬಿಚ್ಚಿದ ಮೇಲೆ ಲಿವರಿನಿಂದ ಗೇರಿನಲ್ಲಿ ನಿಲ್ಲಿಸುವ ಅನುಕೂಲ ಇರುವುದಿಲ್ಲ, ಕೆಳಗೆ ಮನುಷ್ಯರಿದ್ದಾಗ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬಾರದು. ಮನೆಯಲ್ಲಿ ಜಾಕ್ ಕೊಟ್ಟು ಈ ಕೆಲಸ ಮಾಡಬೇಕೆನ್ನುವವರು ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ದಯವಿಟ್ಟು ಹೋಗಬೇಡಿ; ಗಟ್ಟಿ ಸ್ಟ್ಯಾಂಡ್ ಇಲ್ಲದಿದ್ದರೆ ಗುಂಡಿ ಇರುವ ಕಡೆಯೇ ಮಾಡಿಸಿ.

ಬೋಲ್ಟುಗಳನ್ನು ನಾನೇ ಬಿಚ್ಚಿದೆ, ಅವರ ಕೈ ನಡುಗುತ್ತಿತ್ತು. ಹಿಂದಿನದು ರಿಂಗ್ ಪಾನಾಕ್ಕೆ ಸುಲಭವಾಗಿ ಬಂತು. ಮುಂದಿನದು ಅರ್ಧ ತಾಸು ಹಟ ಹಿಡಿಯಿತು. ನಾನು ಪೈಪ್ ಹಾಕಿ ಎಳೆಯಲು ಹೋದಾಗ ಮಿಸ್ತ್ರಿ ತಡೆದು, ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲೆಳೆ ತಿರುಗಿಸಿ ಆಮೇಲೆ ಬಿಚ್ಚುವಂತೆ ಹೇಳಿದರು. ಹಾಗೆ ಹಿಂದೆ ಮುಂದೆ ಮಾಡುತ್ತ ಮಾಡುತ್ತ ತುಕ್ಕು ಪುಡಿಯಾಗಿ ಉದುರಿ ನಟ್ ಸಡಿಲಾಯಿತು. ಬೋಲ್ಟ್ ಹೊರಗೆಳೆದಾಗ ನನ್ನ ಅಂಗೈ ಮೇಲೆ ಬಿದ್ದದ್ದು ಬುಷ್ ಅಲ್ಲ, ಅದರ ಅವಶೇಷ: ಒಡೆದ ಕಡಲೆಬೇಳೆಯಂಥ ಎರಡು ತುಣುಕುಗಳು, ಒಂದಿಷ್ಟು ಕರಿ ಪುಡಿ. ಬೋಲ್ಟನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಬಹುಕಾಲ ಕೈ ಹಿಡಿದು ಕುಟ್ಟಿದ ಒನಕೆ ನಡುವೆ ಸಣ್ಣಗಾಗಿರುತ್ತದಲ್ಲ, ಹಾಗೆ ಅದರ ನಡುಭಾಗ ಸವೆದು ಸಣ್ಣಗಾಗಿತ್ತು. ಉಗುರನ್ನು ತಲೆಯ ಕಡೆಯಿಂದ ಎಳೆದುಕೊಂಡು ಬಂದರೆ ಸವೆದ ಅಂಚಿನಲ್ಲಿ ತಡೆಯುತ್ತಿತ್ತು. ನೈಲಾನ್ ಪೂರ್ತಿ ಹೋದ ಮೇಲೂ ಓಡಿಸಿದ್ದರಿಂದ ಕಬ್ಬಿಣಕ್ಕೆ ಕಬ್ಬಿಣ ತಾಗಿ ಹೀಗಾಗಿತ್ತು. ನಾನು ಮುಂದೆ ಹಾಕಿದ ತಿಂಗಳುಗಳ ಲೆಕ್ಕ ಆ ಬೋಲ್ಟಿನ ಮೇಲೆ ಬರೆದಿಟ್ಟಂತಿತ್ತು.

ಹೊಸ ಬುಷ್, ಹೊಸ ಬೋಲ್ಟ್ ಹಾಕಿ ಜೋಡಿಸಿದೆವು. ಹಿಂದಿನ ತುದಿ ಗಟ್ಟಿಯಾಯಿತು. ಮುಂದಿನ ತುದಿಯಲ್ಲಿ ಇನ್ನೂ ಪ್ಲೇ, ಅಂದರೆ ಸಡಿಲ ಆಟ, ಉಳಿಯಿತು. ಮೊದಲಿನದಕ್ಕೆ ಹೋಲಿಸಿದರೆ ಕಾಲು ಭಾಗವೂ ಇಲ್ಲ. ನಾನು ಸಾಕು ಎನ್ನುವವನಿದ್ದೆ. ಮಿಸ್ತ್ರಿ ಒಪ್ಪಲಿಲ್ಲ. ಮತ್ತೆ ಬಿಚ್ಚಿಸಿ, ರಾಡಿನ ಕಿವಿಯಲ್ಲಿನ ತೂತಿಗೆ ಹೊಸ ಬುಷ್ಷನ್ನು ಬರಿದೇ ತೂರಿಸಿ ತೋರಿಸಿದರು. ಮೇಲೆ ಕೆಳಗೆ ಅಲುಗಲಿಲ್ಲ, ಅಡ್ಡಕ್ಕೆ ಅಲುಗಿತು. ತೂತು ದುಂಡಗೆ ಉಳಿದಿರಲಿಲ್ಲ, ಅವರೆಕಾಳಿನ ಆಕಾರಕ್ಕೆ ಬಂದಿತ್ತು. ಅಂಥ ತೂತಿನಲ್ಲಿ ಎಂಥ ಹೊಸ ಬುಷ್ ಕೂತರೂ ಆರು ತಿಂಗಳಲ್ಲಿ ಮತ್ತೆ ಸವೆಯುತ್ತದೆ. ಬುಷ್ ಬದಲಿಸಿದರೂ ಉಪಯೋಗವಾಗಲಿಲ್ಲ ಎಂದು ಜನ ಹೇಳುವುದನ್ನು ನಾನು ಕೇಳಿದ್ದೆ. ಅದಕ್ಕೆ ಇದೂ ಒಂದು ಕಾರಣವೆಂದು ಆಗ ಹೊಳೆಯಿತು. ಹೊಸ ಬುಷ್ ಹಾಕುವ ಮೊದಲು ತೂತನ್ನು ನೋಡಬೇಕು.

ರಾಡನ್ನು ಹೆಗಲ ಮೇಲೆ ಹಾಕಿಕೊಂಡು ಎರಡು ಓಣಿ ಆಚೆಯ ಲೇತ್ ಅಂಗಡಿಗೆ ಹೋದೆ. ಅಲ್ಲಿ ಪಂಪ್‌ಸೆಟ್ಟಿನ ಶಾಫ್ಟು, ಟ್ರೇಲರಿನ ಕೊಂಡಿ, ಕಬ್ಬಿನ ಗಾಣದ ಹಲ್ಲಿನ ಚಕ್ರ ಸಾಲು ಹಚ್ಚಿ ಕಾದಿದ್ದವು. ಅಂಗಡಿಯವರು ತೂತನ್ನು ಸ್ವಲ್ಪ ದೊಡ್ಡದು ಮಾಡಿ ದುಂಡಗೆ ಕೊರೆದು, ಅದರೊಳಗೆ ಉಕ್ಕಿನ ತೆಳು ಸ್ಲೀವ್ ಒಂದನ್ನು ಬಿಗಿಯಾಗಿ ಕೂರಿಸಿ, ಒಳ ಅಳತೆಯನ್ನು ಹೊಸ ಬುಷ್ಷಿಗೆ ಸರಿಯಾಗಿ ತೆಗೆದುಕೊಟ್ಟರು. ಅಳತೆಗಾಗಿ ಬುಷ್ಷನ್ನೂ ಬೋಲ್ಟನ್ನೂ ಜೊತೆಗೆ ಒಯ್ದದ್ದು ಒಳ್ಳೆಯದಾಯಿತು. ವೆಲ್ಡಿಂಗ್ ಮಾಡಿ ತೂತು ಮುಚ್ಚಿ ಮತ್ತೆ ಕೊರೆಯುವುದೂ ಒಂದು ದಾರಿ, ಆದರೆ ಕಾಸಿದಾಗ ಕಿವಿ ಸೊಟ್ಟಗಾಗುವ ಭಯವಿದೆ ಎಂದು ಅವರೇ ಬೇಡವೆಂದರು. ಒಂದೂವರೆ ತಾಸಿನ ಕೆಲಸಕ್ಕೆ 200 ರೂಪಾಯಿ ತೆಗೆದುಕೊಂಡರು.

ತಿರುಗಿ ಬಂದು ಜೋಡಿಸಿದಾಗ ಪ್ಲೇ ಪೂರ್ತಿ ಹೋಗಿತ್ತು, ಆದರೆ ಈಗ ಲಿವರ್ ಕೆಸರಿನಲ್ಲಿ ಹೂತಂತೆ ಬಿಗಿಯಾಗಿತ್ತು. ನ್ಯೂಟ್ರಲ್‌ನಲ್ಲಿ ಕೈ ಬಿಟ್ಟರೆ ನಡುಸಾಲಿಗೆ ತಾನಾಗಿ ಬರುತ್ತಿರಲಿಲ್ಲ. ನಟ್ ಸ್ವಲ್ಪ ಸಡಿಲ ಮಾಡೋಣವೆಂದು ನಾನು ಪಾನಾ ಹಿಡಿದೆ. ಇಲ್ಲಿ ಮಿಸ್ತ್ರಿ ನನಗೆ ಕಲಿಸಿದ ಸಂಗತಿಯನ್ನು ಈ ಇಡೀ ಕೆಲಸದ ಜೀವಾಳವೆಂದೇ ನಾನು ತಿಳಿದಿದ್ದೇನೆ. ನೈಲಾನ್ ಬುಷ್ಷಿನ ಒಳಗೆ ಉಕ್ಕಿನದೊಂದು ಸಣ್ಣ ಕೊಳವೆ ಇರುತ್ತದೆ. ಬೋಲ್ಟ್ ಬಿಗಿದಾಗ ಅದರ ಪೂರ್ತಿ ಒತ್ತಡ ಆ ಕೊಳವೆಯ ಮೇಲೆ ಬೀಳಬೇಕು, ನೈಲಾನಿನ ಮೇಲಲ್ಲ. ಕೊಳವೆ ಬೋಲ್ಟಿನೊಂದಿಗೆ ಗಟ್ಟಿಯಾಗಿ ನಿಂತು, ಅದರ ಸುತ್ತ ಬುಷ್ ಸಲೀಸಾಗಿ ತಿರುಗಬೇಕು. ಹಾಗಾಗಬೇಕಾದರೆ ಕೊಳವೆ ಬುಷ್ಷಿಗಿಂತ ಕೂದಲೆಳೆಯಷ್ಟು ಉದ್ದವಿರಬೇಕು. ನಮ್ಮ ಹೊಸ ಬುಷ್ಷಿನ ಎರಡು ಹೋಳುಗಳನ್ನು ಕೊಳವೆಯ ಮೇಲೆ ಸೇರಿಸಿ ಇಟ್ಟಾಗ ಕೊಳವೆಯೇ ಒಳಗೆ ಅಡಗಿತ್ತು, ನೈಲಾನ್ ಅರ್ಧ ಮಿಲಿಮೀಟರ್ ಹೊರಗಿತ್ತು. “ನಟ್ ಢಿಲಾ ಬಿಟ್ರ ನಾಳಿಗೆ ಬಿಚ್ಚಿ ಬೀಳತೈತ್ರಿ. ನಟ್ ಬಿಗೀನ ಇರಬೇಕು, ಬುಷ್ ಸಣ್ಣ ಆಗಬೇಕು,” ಎಂದು ಪಾಲಿಶ್ ಪೇಪರ್ ಕೈಗೆ ಕೊಟ್ಟರು. ಗಾಜಿನ ತುಂಡಿನ ಮೇಲೆ ಪಾಲಿಶ್ ಪೇಪರ್ ಹಾಸಿ, ಬುಷ್ಷಿನ ಮುಖವನ್ನು ಅದರ ಮೇಲೆ ವೃತ್ತಾಕಾರವಾಗಿ ಉಜ್ಜುತ್ತ, ಹತ್ತು ಸುತ್ತಿಗೊಮ್ಮೆ ಕೊಳವೆಯ ಮೇಲೆ ಇಟ್ಟು ಬೆರಳಿನಿಂದ ಮುಟ್ಟಿ ನೋಡುತ್ತ, ಕೊಳವೆಯ ಅಂಚು ಬೆರಳಿಗೆ ತಾಗುವವರೆಗೆ ಮುಂದುವರಿಸಿದೆ. ಅದಾದ ಮೇಲೆ ನಟ್ಟನ್ನು ಪೂರ್ತಿ ಬಿಗಿದರೂ ಜೋಡಣೆ ಎಣ್ಣೆ ಹಾಕಿದ ಬಾಗಿಲಿನಂತೆ ತಿರುಗಿತು.

ಗ್ರೀಸ್ ಹಚ್ಚುವುದರಲ್ಲೂ ಅವರು ಕೈ ಬಿಗಿ ಹಿಡಿದರು. ಬುಷ್ಷಿನ ಒಳಮೈಗೆ ತೆಳುವಾಗಿ ಬಳಿದು, ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿದರು. ಹೊರಗೆ ಮೆತ್ತಿದ ಗ್ರೀಸ್ ಧೂಳನ್ನು ಕರೆಯುತ್ತದೆ. ನಂತರ ಹೊಸ ಬೂಟನ್ನು ಕೂರಿಸಿ ಅದರ ಎರಡೂ ಬಾಯಿಗಳು ಸರಿಯಾಗಿ ಕಚ್ಚಿವೆಯೇ ಎಂದು ಸುತ್ತಲೂ ಬೆರಳಾಡಿಸಿ ನೋಡಿದೆ. ಸೈಲೆನ್ಸರಿಗೂ ಬೂಟಿಗೂ ನಡುವೆ ಒಂದು ಬೆರಳು ಹೋಗುವಷ್ಟು ಅಂತರವಿತ್ತು.

ಕೊನೆಯ ಹೊಂದಾಣಿಕೆ ಲಿವರಿನ ಪೀಠದಲ್ಲಿ ಅದರ ಚಲನೆಗೆ ಎಲ್ಲೆ ಹಾಕುವ ಗೈಡ್ ಪ್ಲೇಟಿನದು. ಬುಷ್ ಹಾಕಿ ಕೈ ತೊಳೆದುಕೊಳ್ಳುವವರು ಇದನ್ನು ಬಿಟ್ಟುಬಿಡುತ್ತಾರೆ. ಪೀಠದ ನಟ್ಟುಗಳನ್ನೂ ಗೈಡ್ ಪ್ಲೇಟಿನ ಬೋಲ್ಟುಗಳನ್ನೂ ಸಡಿಲಿಸಿ, ಪ್ಲೇಟನ್ನು ಹಿಂದೆ ಮುಂದೆ ಸರಿಸುತ್ತ, ನ್ಯೂಟ್ರಲ್‌ನಲ್ಲಿರುವ ಲಿವರ್ ಅದರ ನಟ್ಟನಡುವೆ ನೆಟ್ಟಗೆ ನಿಲ್ಲುವ ಜಾಗ ಹುಡುಕಬೇಕು. ಸಿಕ್ಕ ಮೇಲೆ ಮೊದಲು ಪ್ಲೇಟಿನ ಬೋಲ್ಟುಗಳು, ಆಮೇಲೆ ಪೀಠದ ನಟ್ಟುಗಳು. ನಮ್ಮದು ಸವೆದ ಬುಷ್ಷಿನ ಕಾಲದಲ್ಲಿ ಯಾರೋ ಹಿಂದಕ್ಕೆ ಸರಿಸಿಟ್ಟಿದ್ದಿರಬೇಕು, ಲಿವರ್ ಹಿಂದಕ್ಕೆ ವಾಲಿ ನಿಂತಿತ್ತು. ಅದನ್ನು ಸರಿ ಮಾಡಿದ ಮೇಲೆ ಎರಡನೇ ಗೇರ್ ಹಾಕುವಾಗ ಮೊಣಕೈ ಸೀಟಿಗೆ ತಾಗುವುದು ನಿಂತಿತು.

ಸಂಜೆ ನಾಲ್ಕಕ್ಕೆ ಕಲ್ಲು ತೆಗೆದು ಕಾರು ಹೊರಗೆ ತಂದೆ. ಮೊದಲು ಎಂಜಿನ್ ಚಾಲೂ ಮಾಡದೆಯೇ ನಾಲ್ಕೂ ಗೇರುಗಳನ್ನು, ರಿವರ್ಸನ್ನು ಹತ್ತು ಹತ್ತು ಸಲ ಹಾಕಿ ತೆಗೆದೆ. ಪ್ರತಿ ಗೇರೂ ತನ್ನ ಜಾಗಕ್ಕೆ ಬೀಳುವಾಗ ಅಂಗೈಗೆ ಒಂದು ಸಣ್ಣ ತಟ್ಟು ತಿಳಿಯುತ್ತಿತ್ತು. ಅಪ್ಪ ನನಗೆ ಇದೇ ಕಾರಿನಲ್ಲಿ ನವನಗರದ ಖಾಲಿ ರಸ್ತೆಗಳಲ್ಲಿ ಗೇರ್ ಹಾಕಲು ಕಲಿಸುವಾಗ, ಕೈಗೆ ತಟ್ಟಿದ ಮೇಲೆಯೇ ಕ್ಲಚ್ ಬಿಡಬೇಕು ಎಂದು ಹೇಳುತ್ತಿದ್ದರು. ಎಷ್ಟು ವರ್ಷಗಳಿಂದ ಆ ತಟ್ಟು ಇರಲಿಲ್ಲವೋ, ಅದು ಮರಳಿ ಬಂದಾಗಲೇ ನನಗೆ ಅದರ ನೆನಪಾಯಿತು.

ಲೆಕ್ಕ ಹೀಗಾಯಿತು: ಬುಷ್ ಕಿಟ್ 240, ಬೂಟ್ ಮತ್ತು ರಬ್ಬರ್ ಸೇರಿ 310, ಬೋಲ್ಟ್ ಮತ್ತು ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟುಗಳಿಗೆ 70, ಲೇತಿಗೆ 200. ಮಿಸ್ತ್ರಿ ಕೂಲಿ 500 ಸಾಕೆಂದರು, ನಾನು 800 ಕೊಟ್ಟೆ. ಮನೆಗೆ ಬಂದ ಮೇಲೆ ಹೆಂಡತಿ ಕೀಲಿ ಇಸಿದುಕೊಂಡು ಅವ್ವನನ್ನು ಕೂರಿಸಿಕೊಂಡು ವಿದ್ಯಾಗಿರಿಯವರೆಗೆ ಹೋಗಿಬಂದಳು. ಇಳಿದವಳು, “ಈಗ ಗೇರ್ ಹುಡುಕೂದು ಬ್ಯಾಡ, ತಾನ ಹೋಗತೈತಿ,” ಎಂದಳು.

ಹೊಸ ಜೋಡಣೆ ಕೂತುಕೊಳ್ಳಲು ಸ್ವಲ್ಪ ಓಡಬೇಕು, 500 ಕಿಲೋಮೀಟರ್ ಆದ ಮೇಲೆ ಒಮ್ಮೆ ತಂದು ನಟ್ಟುಗಳನ್ನು ನೋಡಿಸಿಕೊಳ್ಳಿ ಎಂದು ಮಿಸ್ತ್ರಿ ಹೇಳಿದ್ದರು. ಯುಗಾದಿಯ ಮುಂದಿನ ವಾರ ಹೋದೆ. ಗುಂಡಿಗೆ ನಾನೇ ಇಳಿದೆ. ಬೂಟ್ ಒಣಗಿತ್ತು, ಹರಿದಿರಲಿಲ್ಲ. ಮುಂದಿನ ಜೋಡಣೆಯ ನಟ್ ಕಾಲು ಸುತ್ತು ಬಿಗಿಯಾಯಿತು. ಉಳಿದವು ಪಾನಾಕ್ಕೆ ಅಲುಗಲಿಲ್ಲ.